ಹತ್ತಿ ಕಾಯಲು ಕೂತವರು

ಖಾಸಿಂ ಸಾಬರ ಮನೆಯಲ್ಲಿ ಮೆಲ್ಲಗೆ ಮಾತಾಡುವ ರೂಢಿ ಯಾರಿಗೂ ಇರಲಿಲ್ಲ. ಹತ್ತಿ ಹಿಂಜುವ ಮಷೀನು ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಅದು ಶುರುವಾಯಿತೆಂದರೆ ಗೋಡೆಯ ಮೇಲಿನ ಗಡಿಯಾರವೂ ನಡುಗುತ್ತಿತ್ತು. "ಉಪ್ಪು ಕೊಡು" ಅನ್ನುವುದಕ್ಕೂ ಈ ಮನೆಯವರು ಹೊರಟ ಬಸ್ಸನ್ನು ನಿಲ್ಲಿಸುವವರ ಹಾಗೆ ಕೂಗಬೇಕು. ಕರೆಂಟು ಹೋಗಿ ಮಷೀನು ನಿಂತರೂ ಗಂಟಲು ಇಳಿಯುತ್ತಿರಲಿಲ್ಲ. ಕೂಡ್ಲಿಗಿಗೆ ಹೊಸದಾಗಿ ಬಂದವರು ಒಳಗೆ ಏನೋ ದೊಡ್ಡ ಜಗಳ ಹತ್ತಿದೆ ಎಂದು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಇಣುಕಿ ನೋಡಿದರೆ ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕು ಎಂಬ ಮಾತು ನಡೆದಿರುತ್ತಿತ್ತು.

ಈ ಗಂಟಲನ್ನೇ ತೆಗೆದುಕೊಂಡು ನೂರೀನ ಎಂ.ಎ. ಕ್ಲಾಸಿನಲ್ಲಿ ಸೆಮಿನಾರ್ ಕೊಡಲು ಎದ್ದು ನಿಂತಳು.

ಅದು ಎರಡು ಸಾವಿರದ ನಾಲ್ಕನೇ ಇಸವಿಯ ನವೆಂಬರ್. ಸಮಾಜಶಾಸ್ತ್ರದ ಮೊದಲ ವರ್ಷ. ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದು ವಿಷಯ ಆರಿಸಿಕೊಂಡು, ಕ್ಲಾಸಿನ ಮುಂದೆ ನಿಂತು ಇಪ್ಪತ್ತು ನಿಮಿಷ ಮಾತಾಡಬೇಕು. ಆಮೇಲೆ ಕೂತವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅದಕ್ಕೆ ಅಂಕ ಇತ್ತು. ನೂರೀನ 'ಗ್ರಾಮೀಣ ವೃತ್ತಿಗಳಲ್ಲಿ ಬದಲಾವಣೆ' ಎಂಬ ವಿಷಯವನ್ನು ಲೈಬ್ರರಿಯ ಎರಡು ಪುಸ್ತಕಗಳಿಂದ ಇಳಿಸಿಕೊಂಡು, ಹದಿನಾಲ್ಕು ಪುಟವನ್ನೂ ಬಾಯಿಪಾಠ ಮಾಡಿದ್ದಳು.

"ಗೌರವಾನ್ವಿತ ಅಧ್ಯಾಪಕರೇ!" ಎಂದು ಶುರು ಮಾಡಿದಳು ನೋಡಿ, ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಜವಾನ ಎದ್ದು ಬಂದು ಬಾಗಿಲಲ್ಲಿ ಇಣುಕಿದ. ಹಗರಿಬೊಮ್ಮನಹಳ್ಳಿಯಿಂದ ಬರುತ್ತಿದ್ದ ಪ್ರಿಯಾ ಮೊದಲು ನಕ್ಕಳು. ಪಾಠ ಮಾಡುವ ಯರ್ರಿಸ್ವಾಮಿ ಸರ್ ಹರಪನಹಳ್ಳಿಯವರು, ತಮಾಷೆಯ ಮನುಷ್ಯ.

"ಯಾಕಮ್ಮಾ ಬೈತಿದೀಯ? ನಾವೇನ್ ತಪ್ಪು ಮಾಡಿದ್ವಿ?" ಅಂದರು.

ಇಡೀ ಕ್ಲಾಸು ನಕ್ಕಿತು. ನೂರೀನ ದನಿ ಇಳಿಸಿದಳು. ಇಳಿಸಿ ರೂಢಿಯಿಲ್ಲದ ದನಿ, ಇಳಿದದ್ದು ಎಲ್ಲಿಗೆ ಹೋಯಿತೋ! ಹಿಂದಿನ ಬೆಂಚಿನವರು "ಕೇಳ್ಸವಲ್ದು" ಅಂದರು. ಏರಿಸಿದಳು, ಮತ್ತೆ ನಗು. ಏರಿಸಿ ಇಳಿಸುವುದರಲ್ಲಿ ಬಾಯಿಪಾಠದ ಎಳೆ ಕಡಿದುಹೋಯಿತು. ಏಳನೇ ನಿಮಿಷಕ್ಕೆ ಬಂದು ಬೆಂಚಿನಲ್ಲಿ ಕೂತುಬಿಟ್ಟಳು.

ಕ್ಲಾಸು ಮುಗಿದ ಮೇಲೆ ಸರ್ ಕರೆದರು. "ಇನ್ನೊಂದು ಅವಕಾಶ ಕೊಡ್ತೀನಿ. ಮೂರು ವಾರ. ಪುಸ್ತಕದ್ದು ಬೇಡ, ಆ ಪುಸ್ತಕ ನಾನೂ ಓದಿದೀನಿ. ನಿಂಗೆ ಗೊತ್ತಿರೋದು, ನಂಗೆ ಗೊತ್ತಿಲ್ಲದ್ದು ಏನಾದ್ರೂ ಹೇಳು. ಇದೂ ಆಗಲಿಲ್ಲ ಅಂದ್ರೆ ಈ ಪೇಪರ್ ಹೋಗುತ್ತೆ ನೋಡು."

ಪೇಪರ್ ಹೋಗುತ್ತದೆ ಎಂಬ ಮಾತು ಬೇರೆಯವರಿಗೆ ಬರೀ ಪೇಪರ್ ಹೋಗುವ ಮಾತು. ನೂರೀನಳಿಗೆ ಹಾಗಲ್ಲ. ಜೂನಿನಲ್ಲಿ ಅಡ್ಮಿಷನ್ ಮಾಡಿಸುವಾಗಲೇ ಅವಳ ತಾಯಿ ಹೊನ್ನೂರಬಿ ಒಂದು ಕರಾರು ಹಾಕಿದ್ದಳು. ಒಂದೇ ಒಂದು ಪೇಪರ್ ಹೋದರೂ ಓದು ಬಂದ್, ಮನೆಯಲ್ಲಿ ಕೂತು ಗಾದಿ ಹೊಲಿಯಬೇಕು. ಅಪ್ಪ, ಅಣ್ಣ, ಅಜ್ಜಿ, ಎಲ್ಲರೂ ಹೂಂ ಅಂದಿದ್ದರು. ನೂರೀನಳೂ ಹೂಂ ಅಂದಿದ್ದಳು.

ಅವತ್ತು ಸಂಜೆ ರೊಟ್ಟಿ, ಪುಂಡಿಪಲ್ಯದ ಮುಂದೆ ಕೂತು ಆದದ್ದನ್ನೆಲ್ಲ ಹೇಳಿದಳು.

"ಅಂದ್ರ ಪೇಪರ್ ಹೋತು" ಅಂದಳು ಹೊನ್ನೂರಬಿ.

"ಇನ್ನಾ ಹೋಗಿಲ್ಲವ್ವಾ. ಮೂರು ವಾರ ಕೊಟ್ಟಾರ."

"ಏಳು ನಿಮಿಷ ಮಾತಾಡಾಕ ಬರ್ಲಿಲ್ಲಂದ್ರ ಇಪ್ಪತ್ತು ನಿಮಿಷ ಎಲ್ಲಿಂದ ತರ್ತಿ? ನನ್ನ ಕಣ್ಣು ನೋಡು. ಸೂಜಿಗೆ ದಾರ ಪೋಣಿಸಾಕ ಓಣಿ ಹುಡುಗರ್ನ ಕರೀಬೇಕು. ಚಳಿಗಾಲ ಬಂದೈತಿ, ಹನ್ನೆರಡು ಗಾದಿ ಹೊಲಿಯಾವು ಅದಾವ. ನೀ ಬಸ್ಸಿನ್ಯಾಗ ಕುಂತು ಹೋಗಿ ಮಂದಿ ಕಡಿಂದ ನಗಿಸ್ಕೊಂಡು ಬರ್ತಿ."

"ಬಿಡವ್ವಾ, ಉಣ್ಣೂಮುಂದ ಯಾಕ" ಅಂದ ಅಣ್ಣ ಅಸ್ಲಂ. ಅವನು ಕೊಟ್ಟೂರು, ಹಡಗಲಿ ಸಂತೆಗಳಲ್ಲಿ ತಲೆದಿಂಬು ಮಾರುವವನು. "ಲೇ ನೂರಿ, ನನ್ನ ಕೂಡ ಸಂತಿಗೆ ಬಾ. ನಿನ್ನ ಗಂಟಲಿಗೆ ಒಂದ್ ತಾಸಿನ್ಯಾಗ ಎಲ್ಲಾ ದಿಂಬು ಖಾಲಿ ಆಕ್ಕಾವ."

ಅಜ್ಜಿ ಅಕ್ತರಬಿಗೆ ಎಪ್ಪತ್ತು ದಾಟಿತ್ತು. ಹಲ್ಲಿಲ್ಲದ ಬಾಯಿಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಳ್ಳುತ್ತಾ ಕೇಳಿದಳು. "ನಿಮ್ಮ ಮಾಸ್ತರಿಗೆ ಗೊತ್ತಿಲ್ಲದ್ದು ನಿನಗೇನ್ ಗೊತ್ತೈತಿ ಬೇ?"

ನೂರೀನ ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸಿದ್ದಳು. "ನಮ್ಮ ಕಟ್ಟಿ ಮ್ಯಾಲ ಕುಂದ್ರತಾರಲ್ಲಜ್ಜಿ, ಅವರ ಬಗ್ಗಿ ಹೇಳ್ತೀನಿ" ಅಂದಳು.

ಖಾಸಿಂ ಸಾಬರ ಕೈ ತಾಟಿನಲ್ಲೇ ನಿಂತಿತು.

ಈ ಕಟ್ಟೆಯ ವಿಷಯ ಸ್ವಲ್ಪ ಹೇಳಬೇಕು. ಹಳ್ಳಿಯವರು ಗಂಟು ಕಟ್ಟಿದ ಹಳೆ ಹತ್ತಿಯನ್ನು ಹಿಂಜಿಸಲು ಪಿಂಜಾರನ ಮನೆಗೆ ತಂದರೆ, ಸುಮ್ಮನೆ ಬಿಟ್ಟು ಹೋಗುವುದಿಲ್ಲ. ಅವರ ಮನೆಯ ಒಬ್ಬರು ಹಿಂಜಿ ಮುಗಿಯುವ ತನಕ ಅಲ್ಲೇ ಕೂತು ಕಾಯುತ್ತಾರೆ. ಎಷ್ಟು ತಂದೆವೋ ಅಷ್ಟೂ ಗಾದಿಯೊಳಗೆ ಹೋಯಿತೇ, ಒಳ್ಳೆಯ ಹತ್ತಿ ತೆಗೆದು ಕೆಟ್ಟದ್ದು ಸೇರಿಸಿದರೇ, ನೋಡಬೇಕಲ್ಲ. ಅಜ್ಜನ ಕಾಲದಿಂದ ಬಂದ ರೂಢಿ. ಮಷೀನಿನ ಎದುರಿಗಿದ್ದ ಕಲ್ಲಿನ ಕಟ್ಟೆ ಇರುವುದೇ ಅದಕ್ಕೆ. ಖಾಸಿಂ ಸಾಬರು "ಬರ್ರಿ, ಕುಂದರ್ರಿ, ಚಹಾ ಕುಡೀರಿ" ಅನ್ನುತ್ತಿದ್ದರು, ನೆಂಟರಿಗೆ ಅನ್ನುವ ಹಾಗೆ. ಆದರೆ ಕೆಲಸಕ್ಕೆ ಹಾಕಿಕೊಳ್ಳುವ ಅವರ ಅಂಗಿಗೆ ಜೇಬು ಇರಲಿಲ್ಲ. ಹೊಸ ಅಂಗಿ ಬಂದ ಕೂಡಲೇ ಅಕ್ತರಬಿ ಜೇಬು ಬಿಚ್ಚಿ ತೆಗೆಯುತ್ತಿದ್ದಳು. ಬೀಡಿ, ಬೆಂಕಿಪೊಟ್ಟಣ ಕಿಟಕಿಯಲ್ಲಿ. ಕೆಲಸ ಶುರು ಮಾಡುವ ಮೊದಲು ಹತ್ತಿ ತುಂಬುವ ಖಾಲಿ ಚೀಲವನ್ನು ಎಲ್ಲರ ಎದುರಿಗೆ ಕೊಡವಿ ತೋರಿಸಬೇಕು. ಆಮೇಲೆ ಅವರು ಕಟ್ಟೆಗೆ ಬೆನ್ನು ಮಾಡಿ ನಿಂತರೆ, ಹತ್ತಿ ಹಿಂಜಿ ಮುಗಿಯುವ ತನಕ ತಿರುಗಿ ನೋಡುತ್ತಿರಲಿಲ್ಲ.

"ಅದೊಂದು ಬ್ಯಾಡ" ಅಂದರು ಖಾಸಿಂ ಸಾಬರು.

"ಯಾಕಪ್ಪಾ?"

"ಯಾಕಂದ್ರ ಏನ್ ಹೇಳ್ತಿ ಅಲ್ಲಿ? ನಮ್ಮಪ್ಪ ಕಳ್ಳ, ಅದಕ್ಕ ಮಂದಿ ಕಾವಲು ಕುಂದ್ರತಾರ ಅಂತ ಹೇಳ್ತಿಯೇನು?"

"ಹಂಗಲ್ಲಪ್ಪಾ…"

"ಹಂಗಾ ಐತಿ. ಮೂವತ್ತು ವರ್ಷ ಆತು, ಅವರೂ ಆ ಮಾತು ಬಾಯಿಂದ ಅಂದಿಲ್ಲ, ನಾನೂ ಅಂದಿಲ್ಲ. ನೀ ಹೋಗಿ ಯುನಿವರ್ಸಿಟ್ಯಾಗ ಅಂತೀಯೇನು? ಬ್ಯಾಡಂದ್ರ ಬ್ಯಾಡ."

ನೂರೀನ ಊಟ ಬಿಟ್ಟು ಎದ್ದಳು. ಹೊನ್ನೂರಬಿ "ರೊಟ್ಟಿ ಮ್ಯಾಲ ಯಾಕ ಸಿಟ್ಟು" ಎಂದು ಕೂಗಿದಳು. ಎರಡು ದಿನ ಮನೆಯಲ್ಲಿ ಹೀಗೇ ನಡೆಯಿತು. ಅಪ್ಪ ಮಗಳು ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ಅಸ್ಲಂನ ಕೈಲಿ ಹೇಳಿ ಕಳಿಸುತ್ತಿದ್ದರು, ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದುಕೊಂಡು. "ನಾನೇನು ಪೋಸ್ಟ್‌ಮ್ಯಾನ್ ಅದೀನೇನು?" ಎಂದು ಅವನು ಮೂರನೆಯ ದಿನ ಕೈಯೆತ್ತಿಬಿಟ್ಟ.

ಕೊನೆಗೆ ಹಾದಿ ತೆಗೆದವಳು ಅಕ್ತರಬಿ.

"ಖಾಸಿಂ, ಇಲ್ಲಿ ಕೇಳು. ಹುಡುಗಿಗೆ ಮಂದಿ ಮುಖ ನೋಡಿ ಮಾತಾಡೂದು ರೂಢಿ ಆಗಬೇಕು, ಹೌದಿಲ್ಲೋ? ದಿನಾ ಒಬ್ರಿಲ್ಲ ಒಬ್ರು ಕಟ್ಟಿ ಮ್ಯಾಲ ಕುಂತಿರ್ತಾರ. ಅವರ ಮುಂದ ನಿಂತು ಹೇಳ್ಲಿ."

"ಅವರ ಮುಂದನಾ? ಅವ್ವಾ, ನಿನಗೇನಾಗೇತಿ?"

"ಮಷೀನು ಹಚ್ಚು ನೀನು. ಮಷೀನು ಹಚ್ಚಿದಾಗ ಅವರಿಗೇನ್ ಕೇಳ್ತೈತಿ, ಮಣ್ಣು? ಬಾಯಿ ಆಡೂದು ಅಷ್ಟ ಕಾಣ್ತೈತಿ. ಇಕಿಗೆ ಮುಖ ನೋಡೂದು ರೂಢಿ ಆತು, ನಿನ್ನ ಮರ್ಯಾದಿ ಉಳೀತು. ಆಮ್ಯಾಲ ಅಲ್ಲಿ ಏನ್ ಹೇಳಬೇಕು ಅಂಬೂದು ಆಮ್ಯಾಲ ನೋಡೂಣು."

ಖಾಸಿಂ ಸಾಬರಿಗೆ ಇದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಹೀಗೆ ಶುರುವಾಯಿತು. ಸಂಜೆ ಐದಕ್ಕೆ ಬಸ್ಸಿಳಿದು ಬಂದು, ಮುಖ ತೊಳೆದು, ಒಂದು ಗಾದಿಗೆ ಹೊಲಿಗೆ ಹಾಕಿಟ್ಟು, ನೂರೀನ ಕಟ್ಟೆಯ ಮುಂದೆ ನಿಲ್ಲುತ್ತಿದ್ದಳು. ಮಷೀನು ಗುಡುಗುತ್ತಿತ್ತು. ಅಪ್ಪ ಬೆನ್ನು ಮಾಡಿ ನಿಂತಿರುತ್ತಿದ್ದರು. ಗಾಳಿಯಲ್ಲೆಲ್ಲ ಹತ್ತಿಯ ಎಳೆ. ಕಟ್ಟೆಯ ಮೇಲೆ ಕೂತವರು ಈ ಹುಡುಗಿ ತಮಗೇನೋ ಹೇಳುತ್ತಿದ್ದಾಳೆಂದು ಮರ್ಯಾದೆಗೆ ತಲೆ ಆಡಿಸುತ್ತಿದ್ದರು. ತಂಬ್ರಹಳ್ಳಿಯ ಹುಲುಗಪ್ಪ ಎಂಬ ಮುದುಕ ಇಪ್ಪತ್ತು ನಿಮಿಷವೂ ತಲೆ ಆಡಿಸಿ, ಕೊನೆಗೆ ತನ್ನ ಊರುಗೋಲು ಎತ್ತಿ ಆಶೀರ್ವಾದ ಮಾಡಿದ. ಅಕ್ತರಬಿ ಗಡಿಯಾರದ ಕೆಳಗೆ ಕೂತು ಹೊತ್ತು ನೋಡುತ್ತಿದ್ದಳು.

"ಮೆತ್ತಗ ಹೇಳು, ಮೆತ್ತಗ" ಎಂದು ಆಮೇಲೆ ಬುದ್ಧಿ ಹೇಳುತ್ತಿದ್ದಳು. "ನಿನ್ನ ಮುಂದ ಕುಂತಾಕಿ ತೊಡಿ ಮ್ಯಾಲ ಕೂಸು ಮಲಗೈತಿ ಅಂದ್ಕೋ. ಆಕಿಗೂ ಕೇಳಬೇಕು, ಕೂಸೂ ಏಳಬಾರ್ದು. ಅಷ್ಟು."

"ಮಷೀನಿನ ಮುಂದ ಹೆಂಗಜ್ಜಿ ಮೆತ್ತಗ ಹೇಳೂದು? ನನಗ ನನ್ನ ಮಾತು ಕೇಳಸಂಗಿಲ್ಲ."

"ಅದೂ ಹೌದು" ಅಂದಳು ಅಜ್ಜಿ.

ಎರಡನೇ ವಾರದ ಬುಧವಾರ. ಹೊಸಹಳ್ಳಿಯ ತಿಪ್ಪೇರುದ್ರಮ್ಮ ಎರಡು ಹಳೆ ಗಾದಿಯ ಹತ್ತಿ ತಂದು ಕಟ್ಟೆಯ ಮೇಲೆ ಕೂತಿದ್ದಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ನೂರೀನ ಮಾತು ಶುರು ಮಾಡಿದಾಗ ತಿಪ್ಪೇರುದ್ರಮ್ಮ ಗೋಡೆಗೆ ಒರಗಿ ಅರೆಗಣ್ಣು ಮಾಡಿದ್ದಳು. ನೂರೀನ ಎದುರಿಗಿದ್ದವರನ್ನು ಮರೆತು, ಮಷೀನಿನ ಸದ್ದಿಗೆ ಸಮನಾಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಹೇಳುತ್ತಿದ್ದಳು. ಅಪ್ಪ ಬ್ಯಾಡ ಅಂದ ಮಾತಿಗೆ ಬಂದಿದ್ದಳು. ಆಗಲೇ ಕರೆಂಟು ಹೋಯಿತು.

"…ಪಿಂಜಾರರು ಹತ್ತಿ ಕದೀತಾರೆ ಅಂತಲೇ ಇವರು ಇಲ್ಲಿ ಬಂದು ಕಾವಲು ಕೂರ್ತಾರೆ!"

ನಿಂತ ಮಷೀನಿನ ಮೌನದಲ್ಲಿ ಆ ಮಾತು ರಸ್ತೆಯ ತನಕ ಹೋಯಿತು. ಎದುರು ಸೈಕಲ್ ಅಂಗಡಿಯವನು ತಲೆ ಎತ್ತಿ ನೋಡಿದ. ಒಳಗೆ ಹೊನ್ನೂರಬಿಯ ಸೂಜಿ ಕೈಯಿಂದ ಬಿತ್ತು. ಖಾಸಿಂ ಸಾಬರು ತಿರುಗಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಕೆಲಸದ ನಡುವೆ ಕಟ್ಟೆಯ ಕಡೆ ಮುಖ ಮಾಡಿದರು. ರೆಪ್ಪೆಯ ಮೇಲೆಲ್ಲ ಹತ್ತಿ.

"ಯವ್ವಾ, ತಪ್ಪು ತಿಳ್ಕೋಬ್ಯಾಡ್ರಿ. ಹುಡುಗಿ ಕಾಲೇಜಿಂದು ಏನೋ… ಬುದ್ಧಿ ಇಲ್ಲ ಇಕಿಗೆ…"

ತಿಪ್ಪೇರುದ್ರಮ್ಮ ಎದ್ದು ಕೂತು ಕಣ್ಣುಜ್ಜಿಕೊಂಡಳು. "ಏನಾತ್ರಿ ಸಾಬ್ರೆ? ಮಷೀನು ಯಾಕ ನಿಂತ್ತು? ಈಗ ಇನ್ನಾ ಕಣ್ಣು ಹತ್ತಿತ್ತು ನೋಡ್ರಿ."

"ಏನಂದ್ರಿ?"

"ಒಳ್ಳೆ ನಿದ್ದಿ ಬರಾಕತ್ತಿತ್ತು ಅಂದೆ. ಕದೀತಾರ ಅಂದೇನವಾ ನೀನು? ನಿಮ್ಮಪ್ಪ ಕದೀತಾನೋ ಬಿಡ್ತಾನೋ, ನೋಡಾಕ ನಾ ಎಚ್ಚರ ಇದ್ರಲ್ಲ!" ಎಂದು ತಾನೇ ನಕ್ಕಳು. "ನಮ್ಮತ್ತಿ ಕಳಸ್ತಾಳ. 'ಕಣ್ಣಿಟ್ಟು ನೋಡು, ಒಂದ್ ಎಳಿ ಹತ್ತಿ ಹೋಗಬಾರ್ದು' ಅಂತಾಳ. 'ಹೂಂನ್ರಿ ಅತ್ತಿ, ರೆಪ್ಪಿ ಮುಚ್ಚಂಗಿಲ್ಲ' ಅಂತ ಹೇಳಿ ಬರ್ತೀನಿ. ಬಂದು ಇಲ್ಲಿ ಒರಗಿದ್ನೆಪ್ಪಾ ಅಂದ್ರ, ನಾಕು ತಾಸು ನನ್ನ ಯಾರೂ ಕರೆಯಂಗಿಲ್ಲ. ನೀರು ತಾ ಅನ್ನಂಗಿಲ್ಲ, ದನ ಬಿಚ್ಚು ಅನ್ನಂಗಿಲ್ಲ. ಕರೆದ್ರೂ ನನಗ ಈ ಸಪ್ಪಳದಾಗ ಕೇಳಸಂಗಿಲ್ಲ. ಖರೇ ಹೇಳ್ತೀನ್ರಿ, ಈ ಗಾದಿ ಇನ್ನೂ ಎರಡು ವರ್ಷ ಬರ್ತಿತ್ತು. ನಾನಾ ಅತ್ತಿಗೆ ಹೇಳಿ ಹೇಳಿ ಹಿಂಜಾಕ ತಂದೀನಿ."

ಖಾಸಿಂ ಸಾಬರು ಅವ್ವನ ಮುಖ ನೋಡಿದರು. ಅಕ್ತರಬಿ ಗಡಿಯಾರದ ಕೆಳಗೆ ಕೂತು ಸೀರೆಯ ಮೇಲಿನ ಹತ್ತಿ ಆರಿಸುತ್ತಿದ್ದಳು.

"ಅವ್ವಾ, ನಿನಗ ಗೊತ್ತಿತ್ತೇನು?"

"ನಾ ದಿನಾ ಇಲ್ಲೇ ಕುಂತಿರ್ತೀನಿ, ಗೊರಕಿ ಹೊಡೆಯಾರು ಕಾಣಂಗಿಲ್ಲೇನು?"

"ಮತ್ತ ಹೇಳಬಾರ್ದೇನು?"

"ನೀ ಕೇಳಿಲ್ಲ, ನಾ ಹೇಳಿಲ್ಲ."

"ಮೂವತ್ತು ವರ್ಷ…" ಎಂದು ಖಾಸಿಂ ಸಾಬರು ಮಷೀನಿಗೆ ಆತುಕೊಂಡರು. "ಮೂವತ್ತು ವರ್ಷ ನನ್ನ ಬೆನ್ನು ನೋಡಾಕತ್ಯಾರ ಅಂತ ಬೆನ್ನು ಸೆಟೆಸ್ಕೊಂಡು ನಿಂತೀನಲ್ಲವ್ವಾ."

"ಅದಕ್ಕ ಬೆನ್ನು ನೋವು" ಅಂದಳು ಒಳಗಿನಿಂದ ಹೊನ್ನೂರಬಿ.

ಆ ಹೊತ್ತಿಗೆ ತಿಪ್ಪೇರುದ್ರಮ್ಮನಿಗೆ ಒಂದು ಯೋಚನೆ ಹತ್ತಿತು. "ಏನವಾ, ಇದನ್ನೆಲ್ಲಾ ಕಾಲೇಜಿನ್ಯಾಗ ಹೇಳಾಕಿ ಏನು? ಹೇಳು, ಬ್ಯಾಡನಂಗಿಲ್ಲ. ನನ್ನ ಹೆಸರು ಮಾತ್ರ ತಗೀಬ್ಯಾಡ. ನಮ್ಮತ್ತಿಗೆ ಗೊತ್ತಾತಂದ್ರ ಮುಂದಿನ ಸಲ ಗಾದಿ ಕೂಡ ಆಕೀನ ಬಂದು ಕುಂದ್ರತಾಳ!"

ಕರೆಂಟು ಬರಲು ಮುಕ್ಕಾಲು ತಾಸು ಹಿಡಿಯಿತು. ಅಲ್ಲಿಯವರೆಗೆ ನೂರೀನ ಇಡೀ ಸೆಮಿನಾರನ್ನು ಮೊದಲಿನಿಂದ ಹೇಳಿದಳು. ಸದ್ದಿಲ್ಲದ ಕೋಣೆ, ಎದುರಿಗೆ ಕಣ್ಣು ತೆರೆದು ಕೂತ ಹೆಂಗಸು. ದನಿ ತಾನಾಗಿ ಇಳಿಯಿತು. ತಿಪ್ಪೇರುದ್ರಮ್ಮ ನಡುವೆ ನಡುವೆ ಬಾಯಿ ಹಾಕಿ, "ಅದು ಹಂಗಲ್ಲವಾ, ಹಿಂಗ" ಎಂದು ತಿದ್ದಿದಳು.

ಮರುದಿನದಿಂದ ನೂರೀನ ಭಾಷಣ ಬಿಟ್ಟು ಕೇಳಲು ಶುರು ಮಾಡಿದಳು. ಒಂದು ನೋಟ್‌ಬುಕ್ಕಿನಲ್ಲಿ ಬಂದವರ ಊರು, ಕೂತ ಹೊತ್ತು, ಹೇಳಿದ ಮಾತು ಬರೆದಿಟ್ಟಳು. ಬಂದವರಲ್ಲಿ ಹೆಚ್ಚಿನವರು ಸೊಸೆಯಂದಿರು. ಹಂಪಕ್ಕ ಎಂಬಾಕೆ ನಿದ್ದೆ ಮಾಡುವುದಿಲ್ಲ, ಸುಮ್ಮನೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾಳೆ, ಮನೆಯಲ್ಲಿ ಮಾವನ ಮುಂದೆ ಹಾಕಿಕೊಳ್ಳುವ ಹಾಗಿಲ್ಲ. ಮಾಳಮ್ಮ ಎಂಬಾಕೆಯ ತೌರು ಕೂಡ್ಲಿಗಿಯಲ್ಲೇ, ಹತ್ತಿ ಇಲ್ಲಿ ಬಿಟ್ಟು ತಾಯಿಯನ್ನು ನೋಡಿ ಬರುತ್ತಾಳೆ, ಕಾಯುವುದು ದೂರ ಉಳಿಯಿತು. ಎಲ್ಲರೂ ಹೀಗೇ ಅಂತಲ್ಲ. ತಂಬ್ರಹಳ್ಳಿಯ ಹುಲುಗಪ್ಪ ತನ್ನ ದಿಂಬು ಒಯ್ಯಲು ಬಂದವನು ಮುಚ್ಚುಮರೆ ಇಲ್ಲದೆ ಹೇಳಿದ. "ನಿಮ್ಮಪ್ಪ ಬಾಳ ಒಳ್ಳೆ ಮನುಷ್ಯ ತಂಗಿ. ಆದ್ರ ಹತ್ತಿ ಹತ್ತೀನ. ನಾ ಕಾಯಾಕ ಬಂದಿದ್ದೆ, ಕಾಯ್ದೀನಿ." ಅದನ್ನೂ ಬರೆದುಕೊಂಡಳು.

ಖಾಸಿಂ ಸಾಬರು ಮತ್ತೆ ಬ್ಯಾಡ ಅನ್ನಲಿಲ್ಲ, ಈಗ ಒಂದು ಪಕ್ಕಕ್ಕೆ ತಿರುಗಿ ನಿಲ್ಲುತ್ತಿದ್ದರು. ಕಟ್ಟೆಯ ಮೇಲೆ ಯಾರಾದರೂ ಹೆಂಗಸು ಒರಗಿ ಮಲಗಿದ್ದರೆ, ಹಿಂಜಿ ಮುಗಿದ ಹತ್ತಿಯನ್ನು ಮತ್ತೆ ಮಷೀನಿಗೆ ಹಾಕುತ್ತಿದ್ದರು.

"ಅಪ್ಪಾ, ಅದು ಆಗೇತಲ್ಲ!" ಎಂದು ಅಸ್ಲಂ ಕೂಗಿದ.

"ಇನ್ನೊಂದ್ ಸಲ ಆಗ್ಲಿ."

"ಸುಮ್ಮನ ಕರೆಂಟು ಯಾಕ?"

"ಮಲಗ್ಯಾಳ, ಕಾಣಂಗಿಲ್ಲೇನು ನಿನಗ? ಮಷೀನು ನಿಂತ್ರ ಎಚ್ಚರ ಆಕ್ಕಾಳ."

ಇದೆಲ್ಲ ನೋಡುತ್ತಿದ್ದ ಹೊನ್ನೂರಬಿ ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ ಅಂದಳು. ಸಿಟ್ಟಿನಿಂದಲ್ಲ, ನಗುತ್ತಲೇ ಅಂದಳು. "ಊರ ಹೆಂಗಸರೆಲ್ಲಾ ನಮ್ಮ ಮನಿಗೆ ಬಂದು ಕುಂದ್ರತಾರ. ನಾ ಯಾರ ಮನಿಗೆ ಹೋಗಿ ಕುಂದ್ರಲಿ?"

ನೂರೀನ ತಾಯಿಯ ಬೆರಳು ನೋಡಿದಳು. ದಪ್ಪ ಸೂಜಿ ಎಳೆದು ಎಳೆದು ಬೆರಳ ತುದಿ ಒಡೆದಿತ್ತು. ತನ್ನ ನೋಟ್‌ಬುಕ್ಕಿನಲ್ಲಿ ಹತ್ತೂರಿನ ಹೆಂಗಸರು ಇದ್ದರು, ಅವ್ವ ಇರಲಿಲ್ಲ.

ಭಾನುವಾರ ಅಸ್ಲಂ ಸಂತೆಗೆ ಹೋಗಲಿಲ್ಲ. "ಸರಿಯವ್ವಾ, ಎದ್ದೇಳು. ಇವತ್ತು ನೀ ಕಾಯಾಕಿ, ನಾ ಪಿಂಜಾರ" ಎಂದು ಸೂಜಿ ಕಿತ್ತುಕೊಂಡ. ಖಾಸಿಂ ಸಾಬರು ಹೆಂಡತಿಯ ಮುಂದೆ ಖಾಲಿ ಚೀಲ ಕೊಡವಿ, "ನೋಡ್ರಿ ಯವ್ವಾ, ಏನೂ ಇಲ್ಲ" ಅಂದರು. ಹೊನ್ನೂರಬಿ ನಾಚಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಟ್ಟೆಯ ಮೇಲೆ ಕೂತರೂ ಮೊದಲ ಅರ್ಧ ತಾಸು ಸುಮ್ಮನಿರಲು ಆಗಲಿಲ್ಲ.

"ಏ ಅಸ್ಲಂ, ಹೊಲಿಗಿ ಸೊಟ್ಟ ಆಗೇತಿ! ಅಷ್ಟು ದೂರ ದೂರ ಹಾಕಬ್ಯಾಡ!"

"ಕಾಯೋರು ಮಾತಾಡಬಾರ್ದ್ರಿ."

ಅಕ್ತರಬಿ ಬೆಳಿಗ್ಗೆಯ ಒಗ್ಗರಣೆ ಮಂಡಕ್ಕಿಯನ್ನು ಸೊಸೆಯ ಕೈಗೇ ತಂದು ಕೊಟ್ಟಳು. ತಿಂದು ಮುಗಿಸಿದ ಹೊನ್ನೂರಬಿಯ ಕುತ್ತಿಗೆ ಮೆಲ್ಲಗೆ ಗೋಡೆಗೆ ವಾಲಿತು. ಅವತ್ತು ಅದೇ ಹತ್ತಿ ಮೂರು ಸಲ ಮಷೀನಿಗೆ ಹೋಯಿತು. ಅಸ್ಲಂ ಹೊಲಿದ ಗಾದಿಯನ್ನು ಸೋಮವಾರ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು, ಅದು ಬೇರೆ ಮಾತು. ಬಿಚ್ಚುತ್ತಾ ಹೊನ್ನೂರಬಿ ಮಗಳಿಗೆ ಹೇಳಿದಳು. "ನಿನ್ನ ಪೇಪರ್ ಹೋಗಬಾರ್ದು ನೋಡು. ನೀ ಹೇಳಾಕ ಹೋಗಿದ್ದಕ್ಕ ನನಗ ಒಂದ್ ಭಾನುವಾರ ಸಿಕ್ಕೈತಿ."

ಸೆಮಿನಾರಿನ ದಿನ ನೂರೀನ ಕೈಯಲ್ಲಿ ಹಾಳೆ ಹಿಡಿಯಲಿಲ್ಲ. ಪ್ರಿಯಾ ಮುಂದಿನ ಬೆಂಚಿನಲ್ಲೇ ಕೂತಿದ್ದಳು, ನಗಲು ತಯಾರಾಗಿ. ನೂರೀನ ಅವಳ ತೊಡೆಯ ಮೇಲೆ ಒಂದು ಕೂಸು ಮಲಗಿದೆ ಎಂದುಕೊಂಡಳು.

"ನಮ್ಮಪ್ಪ ಪಿಂಜಾರ ಖಾಸಿಂ ಸಾಬ್, ಕೂಡ್ಲಿಗಿ. ಅವರ ಅಂಗಿಗೆ ಜೇಬಿಲ್ಲ. ಯಾಕಿಲ್ಲ ಅಂತ ಹೇಳ್ತೀನಿ" ಎಂದು ಶುರು ಮಾಡಿದಳು.

ಪ್ರಿಯಾ ನಗಲಿಲ್ಲ. ಹಿಂದಿನ ಬೆಂಚಿನವರು ಕೇಳಿಸುವುದಿಲ್ಲ ಅನ್ನಲಿಲ್ಲ. ಕಟ್ಟೆ, ಚೀಲ ಕೊಡವುವುದು, ಬೆನ್ನು ಮಾಡಿ ನಿಲ್ಲುವುದು, ಕರೆಂಟು ಹೋದದ್ದು, ಎಲ್ಲ ಹೇಳಿದಳು. ಕರೆಂಟು ಹೋದ ಕಡೆ ಕ್ಲಾಸು ನಕ್ಕಿತು. ಈ ಸಲದ ನಗು ಅವಳೇ ನಗಿಸಿದ್ದು, ಅದು ಮುಗಿಯುವ ತನಕ ಕಾದು ನಿಂತಳು. ಇಪ್ಪತ್ತೆರಡು ನಿಮಿಷ ಆಯಿತು, ಸರ್ ಕೈ ಎತ್ತಲಿಲ್ಲ.

ಪ್ರಶ್ನೆ ಕೇಳಿದವಳು ಪ್ರಿಯಾ. "ಒಬ್ಬರು ನಿದ್ದೆ ಮಾಡ್ತಾರೆ, ಒಬ್ಬರು ತೌರಿಗೆ ಹೋಗ್ತಾರೆ. ಅಂದ್ರೆ ಯಾರಿಗೂ ನಿಮ್ಮ ಮೇಲೆ ಅನುಮಾನ ಇಲ್ಲ ಅಂತಾನಾ?"

ಹೌದು ಎಂದುಬಿಟ್ಟರೆ ಸುಲಭವಿತ್ತು. ಆದರೆ ನೂರೀನ ತಲೆ ಅಡ್ಡ ಆಡಿಸಿದಳು. "ಹಂಗೆ ಹೇಳೋಕೆ ಬರಲ್ಲ. ಅನುಮಾನ ಐತಿ. ಕಳಿಸೋರಿಗೆ ಐತಿ, ಬರೋರಿಗೆ ಇಲ್ಲ. ಆ ಅನುಮಾನ ಇರೋದ್ರಿಂದಲೇ ಇವರಿಗೆ ಮನೆಯಿಂದ ಹೊರಗೆ ಬಂದು ನಾಕು ತಾಸು ಕೂರೋಕೆ ಆಗ್ತೈತಿ. ಅದು ಹೋದ್ರೆ ನಮ್ಮಪ್ಪನಿಗೆ ಒಳ್ಳೇದು. ಅವರಿಗೆ ಒಳ್ಳೇದಾ ಅಂತ ನನಗೆ ಗೊತ್ತಿಲ್ಲ. ನಮ್ಮಪ್ಪನನ್ನ ಕೇಳಿದೆ. 'ಇರ್ಲಿ ಬಿಡು, ಕುಂದರ್ಲಿ' ಅಂದ್ರು."

ಕೊನೆಗೆ ವಂದನೆ ಹೇಳುವುದು ರೂಢಿ. ಬೇರೆಯವರು ವಿಭಾಗದ ಮುಖ್ಯಸ್ಥರಿಂದ ಹಿಡಿದು ಲೈಬ್ರರಿಯ ತನಕ ಹೆಸರು ಹೇಳುತ್ತಿದ್ದರು. ನೂರೀನ ಅಂದಳು. "ನನಗೆ ಹೇಳಿಕೊಟ್ಟವರೆಲ್ಲ ತಮ್ಮ ಹೆಸರು ತೆಗೀಬ್ಯಾಡ ಅಂದಾರೆ. ಹೆಸರಿಲ್ಲದ ಆ ಎಲ್ಲ ಅಕ್ಕಂದಿರಿಗೂ ನನ್ನ ವಂದನೆ. ನಮ್ಮಜ್ಜಿಗೆ, ನಮ್ಮವ್ವನಿಗೆ, ಇನ್ನೊಮ್ಮೆ ನಿಲ್ಲೋಕೆ ಬಿಟ್ಟ ನಮ್ಮ ಸರ್‌ಗೆ ವಂದನೆ."

ಯರ್ರಿಸ್ವಾಮಿ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮಮ್ಮನೂ ಹೋಗೋಳು ಕಣಮ್ಮ, ಹಾಸಿಗೆ ಮಾಡಿಸೋಕೆ. ಸಂಜೆ ವಾಪಸ್ ಬರುವಾಗ ದಾರೀಲೆಲ್ಲ ಹಾಡು ಹೇಳಿಕೊಂಡು ಬರೋಳು. ಹೊಸ ಹಾಸಿಗೆ ಆಯ್ತಲ್ಲ, ಅದಕ್ಕೆ ಖುಷಿ ಅಂತ ನಾನು ಇಷ್ಟು ವರ್ಷ ತಿಳ್ಕೊಂಡಿದ್ದೆ." ಕನ್ನಡಕ ಮತ್ತೆ ಹಾಕಿಕೊಂಡು, "ಪಾಸು. ಕೂತ್ಕೋ" ಅಂದರು.

ಮನೆಗೆ ಬಂದ ನೂರೀನ ಅಡುಗೆಮನೆಯಲ್ಲಿ ಅವ್ವನನ್ನು ಹಿಂದಿನಿಂದ ಅಪ್ಪಿಕೊಂಡಾಗಲೇ ಹೊನ್ನೂರಬಿಗೆ ಗೊತ್ತಾಯಿತು. "ಬಿಡು ಬಿಡು, ರೊಟ್ಟಿ ಸೀಯ್ತಾವ" ಅಂದಳು. ಆದರೆ ಬಿಡಿಸಿಕೊಳ್ಳಲಿಲ್ಲ. ಒಂದು ರೊಟ್ಟಿ ಸೀದೇಹೋಯಿತು.

ಎಲ್ಲರೂ ಊಟಕ್ಕೆ ಕೂತರು. ಅಕ್ತರಬಿ ಮೈ ಹುಷಾರಿಲ್ಲವೆಂದು ಒಳಕೋಣೆಯಲ್ಲಿ ಮಲಗಿದ್ದಳು. ನೂರೀನ ಎಲ್ಲವನ್ನೂ ಹೇಳಿದಳು. ಅಸ್ಲಂ ನಡುವೆ ನಡುವೆ "ಮತ್ತ ನನ್ನ ಸೊಟ್ಟ ಹೊಲಿಗಿ ಹೇಳಿಲ್ಲ ಹೌದಿಲ್ಲೋ?" ಎಂದು ಕೇಳಿದ. ಖಾಸಿಂ ಸಾಬರು ಮಾತ್ರ ತಲೆ ಬಗ್ಗಿಸಿ ಉಂಡರು. ತಾಟು ಬರಿದಾದ ಮೇಲೆ, ಕೈ ತೊಳೆಯಲು ಏಳದೆ, ಮಗಳನ್ನು ನೋಡದೆ ಕೇಳಿದರು.

"ಆ ಹೆಣ್ಮಕ್ಕಳ ಹೆಸರು ಹೇಳಲಿಲ್ಲ ಹೌದಲ್ಲ?"

"ಇಲ್ಲಪ್ಪಾ. ಒಬ್ರದೂ ಹೇಳಿಲ್ಲ."

"ನಂದು?"

"ನಿಮ್ಮದು ಹೇಳ್ದೆ."

"ಬರೇ ಪಿಂಜಾರ ಅಂದೇನು?"

"ಇಲ್ಲ. ಪಿಂಜಾರ ಖಾಸಿಂ ಸಾಬ್, ಕೂಡ್ಲಿಗಿ. ಪೂರ್ತಿ."

ಖಾಸಿಂ ಸಾಬರು ಖಾಲಿ ತಾಟಿನಲ್ಲಿ ಬೆರಳಾಡಿಸಿದರು. "ಬರ್ಕೊಂಡ್ರೇನು ಅವರು?"

"ಹೂಂನಪ್ಪಾ. ಸರ್ ಬರ್ಕೊಂಡ್ರು. ಹುಡುಗರೂ ಬರ್ಕೊಂಡ್ರು."

"ಅವ್ವಾ!" ಎಂದು ಖಾಸಿಂ ಸಾಬರು ಒಳಕೋಣೆಯ ಕಡೆ ಕೂಗಿದರು. "ಕೇಳಿದೇನು? ನನ್ನ ಹೆಸರು ಬರ್ಕೊಂಡಾರಂತ."

ಅಕ್ತರಬಿಗೆ ಆ ಮಾತು ಸರಿಯಾಗಿಯೇ ಕೇಳಿಸಿತ್ತು. ಆದರೂ ಹಾಸಿಗೆಯ ಮೇಲೆ ಎದ್ದು ಕೂತು, ಕಿವಿಗೆ ಕೈ ಹಚ್ಚಿ, "ಏನಂದಿ ಖಾಸಿಂ? ಇನ್ನೊಂದ್ ಸಲ ಹೇಳು" ಅಂದಳು.